ಬಂದೂಕಿಗೆ ಮಣಿ ಕೂರಿಸಿದ್ದು

ತಾನಾಗಿ ಮುರಿದುಬಿದ್ದ ಮಣಿಗೂ ಯಾರೋ ಬೇಕೆಂದೇ ತೆಗೆದ ಮಣಿಗೂ ಇರುವ ವ್ಯತ್ಯಾಸ ಗೊತ್ತಾಗದಷ್ಟು ಹೊಸಬ ನಾನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಬರೆಯುತ್ತ ಬರೆಯುತ್ತ ಎಲ್ಲೋ ಒಂದು ಕಡೆ ನನಗೇನೂ ಗೊತ್ತಿರಲಿಲ್ಲ ಎಂದು ಜಾರಿಕೊಳ್ಳುವ ಆಸೆ ನನಗೇ ಹುಟ್ಟಬಹುದು.

ಗದಗಿನಲ್ಲಿ ನನ್ನದು ಬಂದೂಕು ರಿಪೇರಿ ಅಂಗಡಿ. ಹೊಸಬರು ಬಾಗಿಲಲ್ಲೇ ನಿಂತು, ಒಳಗೆ ಏನೋ ಭಯಂಕರ ನಡೆದಿದೆ ಎಂಬಂತೆ ಇಣುಕುತ್ತಾರೆ. ನಡೆಯುವುದು ಮಾತ್ರ ತುಕ್ಕು ಬಿಡಿಸುವ ಕೆಲಸ. ಬೆಳೆ ಕಾಯಲು ರೈತರು ಇಟ್ಟುಕೊಂಡ, ಮೂತಿಯಿಂದ ಮದ್ದು ತುಂಬುವ ಒಂಟಿ ನಳಿಗೆಯ ಬಂದೂಕುಗಳು ಚುನಾವಣೆ ಬಂದಾಗಲೆಲ್ಲ ಠಾಣೆಯಲ್ಲಿ ಜಮಾ ಆಗಿ, ತಿಂಗಳುಗಟ್ಟಲೆ ಮೂಲೆಯಲ್ಲಿ ನಿಂತು, ಮುಖ ಕೆಡಿಸಿಕೊಂಡು ಹೊರಗೆ ಬರುತ್ತವೆ. ಅವನ್ನು ಮತ್ತೆ ಮನುಷ್ಯರ ಮುಂದೆ ತರುವ ಹಾಗೆ ಮಾಡಿ ಕೊಡುವುದೇ ನನ್ನ ಹೊಟ್ಟೆಪಾಡು.

ಹೋದ ಮುಂಗಾರಿನಲ್ಲಿ, ಗೋವಿನಜೋಳ ಮೊಣಕಾಲೆತ್ತರ ಬಂದಿದ್ದ ಹೊತ್ತಿಗೆ, ಯಳವತ್ತಿ ಕಡೆಯ ರೈತನೊಬ್ಬ ಗೋಣಿತಟ್ಟಿನಲ್ಲಿ ಸುತ್ತಿದ ಬಂದೂಕು ತಂದ. ನಲವತ್ತರ ಆಸುಪಾಸಿನವನು. ಲೈಸೆನ್ಸು ಅವನ ತಂದೆಯ ಹೆಸರಿನಲ್ಲಿತ್ತು. ಮಗನೂ ಒಯ್ಯಬಹುದು ಎಂದು ಅದರಲ್ಲಿ ಇವನ ಹೆಸರೂ ಸೇರಿತ್ತು. ಹಾಗಾಗಿ ತೆಗೆದುಕೊಳ್ಳಲು ನನಗೆ ಅಡ್ಡಿ ಇರಲಿಲ್ಲ.

"ಮಣಿ ಬಿದ್ದೈತ್ರಿ ಮಿಸ್ತ್ರಿ. ಹೊಸಾದು ಕುಂಡ್ರಿಸಿ ಕೊಡ್ರಿ," ಅಂದ.

ಮಣಿ ಎಂದರೆ ನಳಿಗೆಯ ತುದಿಯಲ್ಲಿ, ಮೇಲುಗಡೆ ಕೂತಿರುವ ಕಾಳಿನಷ್ಟು ಲೋಹ. ಹಿಂದಿರುವ ಕಚ್ಚಿನ ನಡುವೆ ಅದನ್ನು ಕಂಡು, ಅದರ ನೆತ್ತಿಯ ಮೇಲೆ ಬೇಟೆಯನ್ನು ಕಂಡರೆ ಗುರಿ ಸಿಕ್ಕಿತು. ಮಣಿ ಇಲ್ಲದ ಬಂದೂಕು ಸಪ್ಪಳ ಮಾಡೀತು, ಗುಂಡೂ ಹಾರಿಸೀತು; ಎಲ್ಲಿಗೆ ಎಂದು ಮಾತ್ರ ಕೇಳಬಾರದು.

ಯಾವ ಬಂದೂಕು ಬಂದರೂ ಮೊದಲು ಮಾಡುವ ಕೆಲಸ ಒಂದೇ. ಮದ್ದು ಜಡಿಯುವ ಗಜದ ಕೋಲನ್ನು ನಳಿಗೆಯೊಳಗೆ ಇಳಿಬಿಟ್ಟು, ಮೂತಿಯ ಹತ್ತಿರ ಹೆಬ್ಬೆರಳಿನಿಂದ ಗುರುತು ಹಿಡಿದು, ಹೊರಗೆ ತೆಗೆದು ನಳಿಗೆಯ ಪಕ್ಕಕ್ಕೇ ಹಿಡಿದು ನೋಡುವುದು. ಕೋಲು ಬುಡದತನಕ ಮುಟ್ಟಿದ್ದರೆ ಒಳಗೆ ಖಾಲಿ. ನಾಲ್ಕು ಬೆರಳು ಕಡಿಮೆ ಬಂದರೆ ಒಳಗೆ ಮದ್ದು ಕೂತಿದೆ ಎಂದರ್ಥ. ಅಂಥ ನಳಿಗೆಗೆ ಬೆಂಕಿ ತೋರಿಸಿದವನು ಎರಡನೆಯ ಬಂದೂಕು ರಿಪೇರಿ ಮಾಡುವುದಿಲ್ಲ. ಇದು ಖಾಲಿ ಇತ್ತು. ಬ್ಯಾಟರಿ ಬೆಳಕು ಬಿಟ್ಟು ಒಳಗೆ ನೋಡಿದೆ, ಅಲ್ಲೇ ನನ್ನ ಬುದ್ಧಿ ಜಾರಿತು. ಒಳಗೆಲ್ಲ ಸುರುಳಿ ಗೆರೆಗಳು. ನಮ್ಮ ಕಡೆಯ ಬಂದೂಕುಗಳ ನಳಿಗೆ ಒಳಗೆ ನೀರಿನ ಪೈಪಿನ ಹಾಗೆ ನುಣ್ಣಗಿರುತ್ತದೆ. ಇದು ಒಂಟಿ ಗುಂಡನ್ನು ತಿರುಗಿಸಿ ನೇರ ಕಳಿಸುವ ಹಳೆಯ ರೈಫಲ್ ನಳಿಗೆ. ಯಾವ ಕಾಲದಲ್ಲಿ ಯಾರ ಯಾರ ಕೈ ದಾಟಿ ಆ ಹಳ್ಳಿಗೆ ಬಂತೋ! ಇಂಥದ್ದು ನನ್ನ ಕೈಗೆ ಬಂದದ್ದೇ ಅಪರೂಪ.

ಆಮೇಲೆ ಮೂತಿ ನೋಡಿದೆ. ಬೆಸುಗೆ ಬಿಟ್ಟು ಮಣಿ ಬಿದ್ದರೆ ಅಲ್ಲಿ ತವರದ ಬೂದು ಕಲೆ ಉಳಿಯುತ್ತದೆ, ಅಂಚು ಹರಕು ಹರಕಾಗಿರುತ್ತದೆ. ಇಲ್ಲಿ ಹಾಗಿರಲಿಲ್ಲ. ಗರಗಸದಿಂದ ಬುಡಕ್ಕೇ ಕೊಯ್ದು, ಅರದಿಂದ ಉಜ್ಜಿ, ಆಮೇಲೆ ಸಾಣೆಕಲ್ಲಿನಿಂದ ನಯ ಮಾಡಿ, ಎಣ್ಣೆ ತಿಕ್ಕಿದ್ದರು. ಅವಸರವಿಲ್ಲದೆ, ಒಂದು ಇಡೀ ಮಧ್ಯಾಹ್ನ ಕೂತು ಮಾಡಿದ ಕೆಲಸ.

"ಬಿದ್ದದ್ದೇನ್ರೀ ಇದು?" ಎಂದು ಕೇಳಿದೆ.

"ಹೌದ್ರಿ. ಗ್ವಾಡಿಗೆ ಬಡದು ಬಿತ್ತು," ಅಂದ. ನನ್ನ ಮುಖ ನೋಡಲಿಲ್ಲ.

ಅಲ್ಲಿಗೆ ಇನ್ನೊಂದು ಪ್ರಶ್ನೆ ಕೇಳಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಕೇಳಲಿಲ್ಲ. ಗಿರಾಕಿಯ ಮನೆಯ ಉಸಾಬರಿ ನನಗ್ಯಾಕೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ, ಕೇಳಿದರೆ ಎಲ್ಲಿ ಬಂದೂಕು ಸುತ್ತಿಕೊಂಡು ಎದ್ದು ಹೋಗುತ್ತಾನೋ ಎಂಬ ಹೆದರಿಕೆ. ಆ ನಳಿಗೆಯ ಮೇಲೆ ಕೆಲಸ ಮಾಡುವ ಆಸೆ ನನಗೆ ಅಷ್ಟಿತ್ತು.

"ಆತು, ಬಿಟ್ಟು ಹೋಗ್ರಿ. ಒಯ್ಯಾಕ ಮಾತ್ರ ನಿಮ್ಮ ಅಪ್ಪಾರ ಬರಬೇಕು. ಲೈಸೆನ್ಸ್ ಯಾರ ಹೆಸರಿನಾಗ ಐತಿ ಅವರ ನೋಡಿ ಒಯ್ಯೂದು ನಮ್ಮ ಅಂಗಡಿ ಪದ್ಧತಿ," ಅಂದೆ.

ಅವನ ಮುಖ ಸಣ್ಣದಾಯಿತು. "ಅಪ್ಪಗ ಮೊಣಕಾಲ ನೋವೈತ್ರಿ..." ಅಂದ.

"ಬಸ್ಸಿನಾಗ ಕರಕೊಂಡ ಬರ್ರಿ."

ಅವನು ಹೋದ ಕೂಡಲೇ ನಾನು ನಳಿಗೆಯನ್ನು ಕಟ್ಟಿಗೆಯ ದಸ್ತಿಯಿಂದ, ಅಂದರೆ ಹೆಗಲಿಗೆ ಆನಿಸುವ ಹಿಂಭಾಗದಿಂದ, ಬಿಡಿಸಿ ಮೇಜಿನ ಹಿಡಿಕೆಯಲ್ಲಿ ಬಿಗಿದೆ. ಹಿತ್ತಾಳೆಯ ಸರಳಿನ ತುಂಡು ತೆಗೆದುಕೊಂಡು ಮಣಿ ಕೆತ್ತಿದೆ. ಬರೀ ಕಾಳಿನಂಥ ಮಣಿಯನ್ನು ಉರುಟು ನಳಿಗೆಯ ಮೇಲೆ ಅಂಟಿಸಿದರೆ ನಾಲ್ಕು ಸಲ ಗುಂಡು ಹಾರಿಸುವುದರಲ್ಲಿ ಸಿಡಿದುಹೋಗುತ್ತದೆ. ಅದಕ್ಕೆ ಕೆಳಗೊಂದು ಪಾದ ಬೇಕು, ಆ ಪಾದ ನಳಿಗೆಯ ಉರುಟಿಗೆ ಸರಿಯಾಗಿ ಅಪ್ಪಿಕೊಳ್ಳಬೇಕು. ನಳಿಗೆಗೇ ಉಸುಕು ಕಾಗದ ಸುತ್ತಿ, ಅದರ ಮೇಲೆ ಪಾದವನ್ನು ಹಿಂದೆ ಮುಂದೆ ಉಜ್ಜುತ್ತ ಹೋದರೆ ಆ ಬಾಗು ತಾನೇ ಬರುತ್ತದೆ. ಕೊನೆಗೆ ಬೆಳಕಿಗೆ ಹಿಡಿದು ನೋಡಿದಾಗ ಪಾದಕ್ಕೂ ನಳಿಗೆಗೂ ನಡುವೆ ಬೆಳಕು ನುಸುಳಬಾರದು.

ಇಂಥ ಜಾಗಕ್ಕೆ ಹಿತ್ತಾಳೆಯ ಗಟ್ಟಿ ಬೆಸುಗೆ ಹಾಕಬಾರದು. ನಳಿಗೆ ಕೆಂಪಗೆ ಕಾಯಬೇಕಾಗುತ್ತದೆ, ಕಬ್ಬಿಣದ ಗುಣ ಕೆಡುತ್ತದೆ. ತವರ ಸೀಸ ಕೂಡಿದ ಮೆತ್ತನೆಯ ಬೆಸುಗೆಯೇ ಸರಿ. ಸ್ವಲ್ಪ ಕಾವಿಗೇ ಕರಗುತ್ತದೆ. ಮೊದಲು ಜಾಗವನ್ನು ಕಬ್ಬಿಣ ಬೆಳ್ಳಗೆ ಕಾಣುವವರೆಗೆ ಉಜ್ಜಿ, ಬೆಸುಗೆ ಹಿಡಿಯುವಂತೆ ತೇಜಾಬು ಸವರಿ, ಕಾಯ್ದ ತಾಮ್ರದ ಕಡ್ಡಿ ಹಚ್ಚಿದೆ. ಬೆಸುಗೆ ಹರಿಯಲಿಲ್ಲ. ಎಣ್ಣೆ ಹಚ್ಚಿದ ಹಂಚಿನ ಮೇಲೆ ನೀರು ಚಿಮುಕಿಸಿದ ಹಾಗೆ ಗುಂಡು ಗುಂಡಾಗಿ ಉರುಳಿತು. ಕಡ್ಡಿಯ ಕಾವನ್ನೆಲ್ಲ ಆ ದಪ್ಪ ನಳಿಗೆ ಕುಡಿದುಬಿಡುತ್ತಿತ್ತು. ಆರಿದ ಮೇಲೆ ಹೆಬ್ಬೆರಳಿನಿಂದ ಒತ್ತಿದೆ, ಮಣಿ ಕಳಚಿ ಮೇಜಿನ ಕೆಳಗೆ ಉರುಳಿತು. ಅದನ್ನು ಹುಡುಕುತ್ತ ನೆಲದ ಮೇಲೆ ಬೋರಲು ಬಿದ್ದಾಗ ಪಕ್ಕದ ಹೊಲಿಗೆ ಯಂತ್ರದ ಅಂಗಡಿಯವನು ಬಂದು, "ಏನ್ರಿ ಮಿಸ್ತ್ರಿ, ನಮಾಜೋ ನಮಸ್ಕಾರೋ?" ಎಂದು ನಕ್ಕ.

ಮರುದಿನ ಗ್ಯಾಸಿನ ಉರಿ ಹಚ್ಚಿದೆ. ಅವಸರ ಮಾಡಿದೆ. ಉರಿಯನ್ನು ಮಣಿಯ ಮೇಲೆಯೇ ಹಿಡಿದಿದ್ದರಿಂದ ತೇಜಾಬು ಸುಟ್ಟು ಕರ್ರಗಾಯಿತು. ಬೆಸುಗೆ ಕರಗಿದ ಗಳಿಗೆಯಲ್ಲೇ ಮಣಿ ತೇಲಿ ಬಲಕ್ಕೆ ಜಾರಿತು. ಅಕ್ಕಿಕಾಳಿನಷ್ಟು ಅಷ್ಟೆ. ಆದರೆ ಮೂತಿಯಲ್ಲಿ ಅಕ್ಕಿಕಾಳಿನಷ್ಟು ಸೊಟ್ಟ ಇದ್ದದ್ದು ಹೊಲದ ಆ ಕಡೆಯ ಬದುವಿಗೆ ಹೋಗುವ ಹೊತ್ತಿಗೆ ಮಾರುದ್ದ ಆಗಿರುತ್ತದೆ. ಎಲ್ಲ ಬಿಚ್ಚಿ ಮತ್ತೆ ಉಜ್ಜಿದೆ.

ಆ ದಿನ ಕೈ ತೊಳೆದು ಕೂತಾಗ ಆ ನಯವಾದ ಜಾಗ ಮತ್ತೆ ನೆನಪಾಯಿತು. ಅದನ್ನು ಅಷ್ಟು ಜೋಪಾನವಾಗಿ ನಯ ಮಾಡಿದವನು ಸಿಟ್ಟಿನಲ್ಲಿ ಮಾಡಿದ್ದಲ್ಲ. ಫೋನು ಕೈಯಲ್ಲೇ ಇತ್ತು. ಮಗನ ನಂಬರೂ ಇತ್ತು. ಮಾಡಲಿಲ್ಲ. ಎರಡು ಸಲ ಸೋತವನಿಗೆ ಮೂರನೆಯ ಸಲ ಗೆಲ್ಲುವುದೊಂದೇ ಕಾಣುತ್ತದೆ.

ಮೂರನೆಯ ಸಲ ಸಾವಕಾಶ ಮಾಡಿದೆ. ನಳಿಗೆಯ ಜಾಗಕ್ಕೆ ಬೇರೆ, ಪಾದದ ಅಡಿಗೆ ಬೇರೆ, ಮೊದಲೇ ತೆಳ್ಳಗೆ ತವರ ಹಿಡಿಸಿ ಅರಳೆಯ ಬಟ್ಟೆಯಿಂದ ಒರೆಸಿದೆ. ಹಿಂದಿನ ಕಚ್ಚಿನಿಂದ ಮೂತಿಯ ನಡುವಿಗೆ ನೂಲೆಳೆದು, ನೂಲಿನ ಕೆಳಗೆ ಮಣಿ ಇಟ್ಟು, ತೆಳುವಾದ ಕಬ್ಬಿಣದ ತಂತಿಯಿಂದ ಬಿಗಿದೆ. ತಂತಿಗೆ ಬೆಸುಗೆ ಅಂಟದಿರಲಿ ಎಂದು ಅದಕ್ಕೆ ದೀಪದ ಮಸಿ ಹಿಡಿಸಿದ್ದೆ. ಉರಿಯನ್ನು ಈ ಸಲ ಮಣಿಗೆ ತೋರಿಸಲೇ ಇಲ್ಲ. ನಳಿಗೆಯ ಅಡಿಯಿಂದ ಹಿಡಿದೆ. ಕಾವು ಕಬ್ಬಿಣವನ್ನು ಹಾಯ್ದು ಮೇಲೆ ಬರಬೇಕು. ಬಂತು. ಪಾದದ ಸುತ್ತ ಬೆಳ್ಳಿಯ ಎಳೆಯಂಥ ಗೆರೆ ಒಮ್ಮೆಲೇ ಓಡಿ ಕೂಡಿಕೊಂಡಿತು. ಉರಿ ತೆಗೆದು, ಅದು ತಾನಾಗಿ ಆರುವವರೆಗೆ ಮುಟ್ಟಲಿಲ್ಲ.

ತೇಜಾಬು ಉಳಿದರೆ ಕಬ್ಬಿಣ ತಿನ್ನುತ್ತದೆ. ಸೋಡಾ ನೀರಿನಿಂದ ತೊಳೆದು, ಬಿಸಿನೀರು ಹಾಕಿ, ಒರೆಸಿ, ಎಣ್ಣೆ ಕೊಟ್ಟೆ. ಕಟ್ಟಿಗೆಯ ಸುತ್ತಿಗೆಯಿಂದ ಮಣಿಗೆ ಬಡಿದೆ, ಅಲುಗಲಿಲ್ಲ. ನೂಲು ಹಿಡಿದು ನೋಡಿದೆ. ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ. ಹೊಲಿಗೆ ಯಂತ್ರದವನನ್ನು ಕರೆದು ತೋರಿಸಿದೆ. ಅವನಿಗೆ ಅದರಲ್ಲಿ ಏನೂ ತಿಳಿಯಲಿಲ್ಲವಾದರೂ "ಭಾರೀ ಆಗೇತಿ" ಎಂದ. ಅಷ್ಟಕ್ಕೇ ನಾನು ಉಬ್ಬಿದೆ.

ಅಪ್ಪ ಮಗ ಇಬ್ಬರೂ ಬಂದದ್ದು ಒಂದು ಸೋಮವಾರ. ಮುದುಕರು ಬಿಳಿ ಧೋತರ, ನೆಹರೂ ಅಂಗಿ, ತಲೆಗೆ ಪಟಕಾ. ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಿ, "ಶರಣರೀ," ಎಂದು ಕುಳಿತರು. ಬಂದೂಕಿನ ಕುದುರೆಯ ಸ್ಪ್ರಿಂಗು ರಿಪೇರಿಗೆ ಕೊಟ್ಟಿದ್ದೇನೆ ಎಂದು ಮಗ ಅವರಿಗೆ ಹೇಳಿಕೊಂಡು ಬಂದಿದ್ದ. ಅದು ನನಗೆ ತಿಳಿದದ್ದು ಅವರು ಬಂದೂಕನ್ನು ತೊಡೆಯ ಮೇಲೆ ಇಟ್ಟುಕೊಂಡು ಕುದುರೆಯನ್ನೇ ಎಳೆದು ನೋಡಿದಾಗ.

"ಸ್ಪ್ರಿಂಗ್ ಮದ್ಲಿನ್ಹಂಗ ಐತೆಲ್ರಿ," ಅಂದರು.

ಆಮೇಲೆ ಕೈ ತಾನಾಗಿ ನಳಿಗೆಯ ಮೇಲೆ ಸವರುತ್ತ ಮುಂದೆ ಹೋಯಿತು. ಎತ್ತಿನ ಮೈ ಸವರುವ ಹಾಗೆ. ಮೂತಿಯ ಹತ್ತಿರ ಬೆರಳು ತಡೆಯಿತು. ಮತ್ತೊಮ್ಮೆ ಮುಟ್ಟಿದರು. ಬಂದೂಕನ್ನು ಬಾಗಿಲ ಬೆಳಕಿಗೆ ಹಿಡಿದರು.

"ಇದನ್ನ ಯಾರ ಕುಂಡ್ರಿಸ್ಯಾರ?"

ಮಗ ನೆಲ ನೋಡಿದ.

"ಯಾರ್ರೀ? ನೀವ?"

"ಹೌದ್ರಿ," ಅಂದೆ. "ಬಿದ್ದೈತಿ ಅಂದ್ರು."

"ಬಿದ್ದಿದ್ದಿಲ್ಲ," ಅಂದರು ಮುದುಕರು. "ಇದರ ಮಣಿ ನಾ ಅಜ್ಜಾರ ಜೋಳಗ್ಯಾಗ ಹಾಕೇನಿ."

ನಮ್ಮ ಕಡೆಯವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ. ಶ್ರಾವಣದಲ್ಲಿ ಮಠದ ಸ್ವಾಮಿಗಳು, ನಾವು ಅಜ್ಜಾರು ಎನ್ನುವವರು, ಜೋಳಿಗೆ ಹಿಡಿದು ಊರೊಳಗೆ ಓಣಿ ಓಣಿ ತಿರುಗುತ್ತಾರೆ. ಕಾಳುಕಡಿ ಬೇಡುವುದಿಲ್ಲ. ನಿಮ್ಮಲ್ಲಿರುವ ಕೆಟ್ಟದ್ದನ್ನು ಹಾಕಿರಿ ಎನ್ನುತ್ತಾರೆ. ಜನ ಗುಟ್ಕಾ ಚೀಟಿ ಹಾಕುತ್ತಾರೆ, ಬೀಡಿ ಕಟ್ಟು ಹಾಕುತ್ತಾರೆ, ಇಸ್ಪೀಟಿನ ಎಲೆ ಹಾಕುತ್ತಾರೆ. ಒಮ್ಮೆ ಹಾಕಿದ್ದನ್ನು ಮತ್ತೆ ಮುಟ್ಟುವ ಹಾಗಿಲ್ಲ. ಎಷ್ಟೋ ಜನ ಮುಟ್ಟುತ್ತಾರೆ, ಅದು ಬೇರೆ ಮಾತು. ಆದರೆ ಬಂದೂಕಿನ ಮಣಿಯನ್ನು ಹಾಕಿದವರನ್ನು ನಾನು ಕೇಳಿದ್ದು ಅದೇ ಮೊದಲು.

ಯಾಕೆ ಹಾಕಿದರು ಎಂಬುದನ್ನು ಅವರೇ ಹೇಳಿದರು, ನನಗಲ್ಲ, ಮಗನಿಗೆ ಮತ್ತೊಮ್ಮೆ ಹೇಳುವವರ ಹಾಗೆ. ಹಿಂದೊಂದು ವರ್ಷ ಸಂಜೆಯ ಮಬ್ಬಿನಲ್ಲಿ ಗೋವಿನಜೋಳದೊಳಗೆ ಅಲುಗಿದ್ದನ್ನು ಹಂದಿ ಎಂದುಕೊಂಡು ಗುಂಡು ಹಾರಿಸಿದ್ದರು. ಹಂದಿಯಲ್ಲ, ಬಾಜೂ ಹೊಲದ ಹೆಣ್ಣುಮಗಳು. ಗಂಡ ಇಲ್ಲದಾಕೆ. ಎಮ್ಮೆಗೆ ಹುಲ್ಲು ಕೊಯ್ಯಲು ಬಗ್ಗಿದ್ದಳು. ಗುಂಡು ಮೀನಖಂಡವನ್ನು ಸೀಳಿಕೊಂಡು ಹೋಯಿತು. ಪೊಲೀಸರು ಬಂದು ಕೇಳಿದಾಗ ಆಕೆ, ಕುಡಗೋಲಿನ ಮೇಲೆ ಬಿದ್ದೆ ಎಂದಳು. ಎಷ್ಟು ಸಲ ಕೇಳಿದರೂ ಅದನ್ನೇ ಹೇಳಿದಳು.

"ನನ್ನ ಸಲುವಾಗಿ ಆಕಿ ಸುಳ್ಳ ಹೇಳಿದ್ಲು," ಅಂದರು ಮುದುಕರು. "ನಾ ಆಕಿ ಮುಂದ ಮಣಿ ಕೊಯ್ದೆ. ಆಕಿ ಮುಂದ ಜೋಳಗ್ಯಾಗ ಹಾಕಿದೆ. ಅವತ್ತಿನಿಂದ ಗುಂಡ ಹಾಕಿಲ್ಲ, ಬರೇ ಮದ್ದು, ಬರೇ ಸಪ್ಪಳ. ಆಕಿ ಇವತ್ತಿಗೂ ಹುಲ್ಲಿನ ಹೊರಿ ಹೊತ್ತು ನಮ್ಮ ಬೆಳಿ ನಡುವ ಹಾದು ಮನಿಗೆ ಹೋಗ್ತಾಳ. ಸಪ್ಪಳಾ ಕೇಳಿದ್ರೂ ನಿಲ್ಲೂದಿಲ್ಲ. ರಸ್ತೆ ಹಿಡದ್ರ ಆ ಕಾಲಿಗೆ ಭಾಳ ದೂರ ಆಕ್ಕೈತಿ."

ಮಗ ತಲೆ ಎತ್ತಿದ. "ಸಪ್ಪಳಕ್ಕ ಹಂದಿ ರೂಢಿ ಆಗ್ಯಾವ ಯಪ್ಪಾ. ನಿಂತು ನೋಡಿ ಮತ್ತ ತಿನ್ನಾಕ ಹತ್ತತಾವ. ನಾ ಅರಣ್ಯದವರ ಪರವಾನಿಗಿ ತಗೊಂಡ ಹೊಡಿತಿದ್ದೆ. ನೋಡಿ ಹೊಡಿತಿದ್ದೆ."

"ನಾನೂ ನೋಡೇ ಹೊಡದಿದ್ದೆ," ಅಂದರು ಮುದುಕರು.

ಮಗನ ಮೇಲೆ ಸಿಟ್ಟು ಮಾಡಿಕೊಳ್ಳೋಣವೆಂದರೆ ಅದಕ್ಕೂ ಮುಖ ಇರಲಿಲ್ಲ. ಅವನು ಹೇಳಿದ ಸುಳ್ಳು ಸುಳ್ಳೆಂದು ಅವತ್ತೇ ನನಗೆ ಗೊತ್ತಿತ್ತಲ್ಲ.

"ಯಜಮಾನ್ರ, ತೆಗದ ಬಿಡ್ತೇನಿ. ಒಂದು ಮಾತು ಹೇಳ್ರಿ, ಈಗಿಂದೀಗ ತೆಗಿತೇನಿ," ಅಂದೆ.

ಅವರು ನನ್ನನ್ನು ನೋಡಿದರು. ಅವರ ಕಣ್ಣಲ್ಲಿ ಸಿಟ್ಟಿರಲಿಲ್ಲ, ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ. "ಕುಂಡ್ರಿಸೂ ಮುಂದ ನನ್ನ ಕೇಳಿದ್ರ್ಯಾ? ಈಗ್ಯಾಕ ಕೇಳ್ತೀರಿ?"

ಇನ್ನೂ ಕೇಳುತ್ತ ನಿಂತರೆ ಭಾರವನ್ನು ಅವರ ತಲೆಗೇ ಹೊರಿಸಿದ ಹಾಗೆ. ನಾನು ಅವರ ತೊಡೆಯ ಮೇಲಿಂದ ಬಂದೂಕು ತೆಗೆದುಕೊಂಡೆ. ಗಜದ ಕೋಲು ಇಳಿಬಿಟ್ಟು ನೋಡಿದೆ, ನಳಿಗೆ ಬಿಡಿಸಿದೆ, ಉರಿ ಹಚ್ಚಿದೆ. ಮಗ ಎದ್ದು ನಿಂತು, "ನಾ ಕುಂಡ್ರಸಾಕ ಕೊಟ್ಟಿದ್ದೆ," ಎಂದ. ಯಾರೂ ಅವನ ಕಡೆ ನೋಡದ್ದಕ್ಕೆ ಮತ್ತೆ ಕುಳಿತ.

ನನ್ನ ಒಳ್ಳೆಯ ಕೆಲಸ ನನಗೇ ಎದುರು ನಿಂತಿತು. ಅಷ್ಟು ಚೆನ್ನಾಗಿ ಅಪ್ಪಿದ ಪಾದ ಬೇಗ ಬಿಡಲೊಲ್ಲದು. ಹೆಚ್ಚು ಕಾಸುವ ಹಾಗಿಲ್ಲ, ಎಳೆದರೆ ನಳಿಗೆಗೆ ಗೀರು ಬೀಳುತ್ತದೆ. ಚಿಮಟದಲ್ಲಿ ಮಣಿ ಹಿಡಿದು, ಅಡಿಯಿಂದ ಉರಿ ಕೊಡುತ್ತ, ಬೆಳ್ಳಿಗೆರೆ ಮತ್ತೆ ನೀರಾಗುವವರೆಗೆ ಕಾಯ್ದೆ. ಹಚ್ಚುವಾಗ ಅದನ್ನು ನೋಡಿ ಎಷ್ಟು ಖುಷಿಪಟ್ಟಿದ್ದೆನೋ ಈಗ ಅಷ್ಟೇ ನಾಚಿಕೆಯಾಯಿತು. ಮಣಿ ಬಿಟ್ಟಿತು. ಬಿಸಿ ಇರುವಾಗಲೇ ಬಟ್ಟೆಯಿಂದ ತವರ ಒರೆಸಿದೆ, ಆರಿದ ಮೇಲೆ ಉಜ್ಜಿದೆ. ಆದರೆ ತವರ ಕಬ್ಬಿಣದ ಮೈಯಲ್ಲಿ ಇಳಿದುಬಿಟ್ಟಿರುತ್ತದೆ. ಇನ್ನೂ ಉಜ್ಜಿದರೆ ಮೂತಿ ತೆಳ್ಳಗಾಗುತ್ತದೆ. ಮುದುಕರು ನಯ ಮಾಡಿದ್ದ ಜಾಗದಲ್ಲಿ ಬಿಳಿ ಮಚ್ಚೆಯೊಂದು ಉಳಿಯಿತು.

"ಇದು ಹೋಗೂದಿಲ್ರಿ," ಅಂದೆ. ಮಣಿಯನ್ನು ಅವರ ಮುಂದೆ ಇಟ್ಟೆ.

ಅವರು ಅದನ್ನು ಮುಟ್ಟಲಿಲ್ಲ. "ಅದು ನಂದಲ್ಲ. ನಂದು ಜೋಳಗ್ಯಾಗ ಐತಿ," ಎಂದು ಎದ್ದರು. ಬಾಗಿಲ ಹತ್ತಿರ ತಿರುಗಿ, "ಆಕಿಗೆ ನಾನ ಹೇಳ್ತೇನಿ. ಹೇಳದ ಇರಾಕ ಆಗೂದಿಲ್ಲ," ಅಂದರು.

ಹೇಳಬೇಡಿ ಎನ್ನಬೇಕೆನಿಸಿತು. ಮಣಿ ಹೋಯಿತಲ್ಲ, ಆಕೆಗೆ ತಿಳಿಯದಿದ್ದರೆ ಯಾರಿಗೇನು ನಷ್ಟ ಎಂದು ಬಾಯಿತನಕ ಬಂತು. ಹಾಗೆನ್ನಲು ನಾನ್ಯಾರು?

ಮೂರು ನಾಲ್ಕು ವಾರ ಅಂಗಡಿಯಲ್ಲಿ ಮನಸ್ಸು ನಿಲ್ಲಲಿಲ್ಲ. ಲಕ್ಷ್ಮೇಶ್ವರದಲ್ಲಿ ಕೆಲಸ ಇದೆ ಎಂದು ಮನೆಯಲ್ಲಿ ಹೇಳಿ ಬೈಕು ತೆಗೆದೆ. ಕೆಲಸ ಇರಲಿಲ್ಲ. ಮುಳಗುಂದ ದಾಟಿ ಆ ಊರು ಕೇಳುತ್ತ ಹೋದೆ. ಗೋವಿನಜೋಳ ಆಗ ಆಳೆತ್ತರ ನಿಂತು ತೆನೆ ಹಿಡಿದಿತ್ತು. ಮುದುಕರು ಬದುವಿನ ಬೇವಿನ ಕೆಳಗೆ ಕೂತಿದ್ದರು. ನನ್ನನ್ನು ನೋಡಿ ಅಚ್ಚರಿಪಡಲಿಲ್ಲ. "ಬರ್ರಿ, ಕುಂಡ್ರಿ," ಅಂದರು. ತಂಬಿಗೆ ನೀರು ಕೊಟ್ಟರು.

"ಹೇಳಿದ್ರೇನ್ರಿ?" ಎಂದು ಕೇಳಿದೆ.

"ಹೇಳಿದೆ. ಮಗಾ ಕುಂಡ್ರಿಸಿದ್ದ, ಮಿಸ್ತ್ರಿ ತೆಗದಾನ ಅಂದೆ. ಆತ ಬಿಡಣ್ಣಾ ಅಂದ್ಲು. ಜಗಳಿಲ್ಲ, ಏನಿಲ್ಲ." ಆಮೇಲೆ ಕೈ ಮಾಡಿ ತೋರಿಸಿದರು. "ಅಕಾ, ನೋಡ್ರಿ."

ಬೆಳೆಯ ನಡುವಿನ ಕಾಲುದಾರಿಯಲ್ಲಿ ಯಾರೂ ಇರಲಿಲ್ಲ. ದಾರಿಯ ಮೇಲೆ ಹುಲ್ಲು ಚಿಗುರಿತ್ತು. ದೂರದ ರಸ್ತೆಯ ಅಂಚಿನಲ್ಲಿ ಒಂದು ಹೆಣ್ಣುಮಗಳು ಹುಲ್ಲಿನ ಹೊರೆ ಹೊತ್ತು, ಎಡಗಾಲು ಎಳೆಯುತ್ತ ಬರುತ್ತಿದ್ದಳು.

ನಾನು ಬೈಕು ಅಲ್ಲೇ ಬಿಟ್ಟು ನಡೆದುಹೋದೆ. ಹತ್ತಿರ ಹೋಗುವ ಹೊತ್ತಿಗೆ ಆಕೆ ಹೊರೆ ಇಳಿಸಿ ಮೈಲಿಗಲ್ಲಿನ ಮೇಲೆ ಕೂತು ದಣಿವಾರಿಸಿಕೊಳ್ಳುತ್ತಿದ್ದಳು. ಅರವತ್ತು ದಾಟಿದಾಕೆ. ಸೆರಗಿನಿಂದ ಮುಖ ಒರೆಸಿಕೊಂಡು, "ಯಾರ ಪೈಕ್ಯೋ ತಮ್ಮಾ? ಗುರುತ ಸಿಗಲಿಲ್ಲ," ಅಂದಳು.

"ಗದಗದಾಂವ್ರೀ ಯವ್ವಾ. ಆ ಬಂದೂಕಿಗೆ ಮಣಿ ಕುಂಡ್ರಿಸಿದಾಂವ ನಾನ," ಅಂದೆ. "ತಪ್ಪಾತ್ರಿ."

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ತೆಗದಿಯಂತಲ್ಲ."

"ತೆಗದೇನ್ರಿ. ನನ್ನ ಕೈಲೇ ತೆಗದೇನಿ. ಈಗ ಅಲ್ಲೇನಿಲ್ಲ. ನೀವು ಹೊಲದಾಗ ಹಾದು ಹೋಗ್ರಿ ಯವ್ವಾ, ಕಾಲಿಗೆ ತ್ರಾಸ ಆಕ್ಕೈತಿ."

ಆಕೆ ಕಾಲು ನೀವಿಕೊಂಡಳು. "ತೆಗದ ಮ್ಯಾಲೆ ಮತ್ತ ಕುಂಡ್ರಸಾಕ ಬರತೈತೇನು?"

ಬರುವುದಿಲ್ಲ ಎನ್ನಬಹುದಿತ್ತು. ಆ ಕೆಲಸ ತಿಳಿದವನು ಆ ರಸ್ತೆಯಲ್ಲಿ ನಾನೊಬ್ಬನೇ ಇದ್ದೆ. ಅಂದಿದ್ದರೆ ಆಕೆ ನಂಬಿ ಅಂದೇ ಬೆಳೆಯೊಳಗಿನ ಹಾದಿ ಹಿಡಿಯುತ್ತಿದ್ದಳೋ ಏನೋ.

"ಬರತೈತ್ರಿ," ಅಂದೆ.

ಆಕೆ ತಲೆಯಾಡಿಸಿದಳು, ಹಾಗೆಯೇ ಅಂದುಕೊಂಡಿದ್ದೆ ಎಂಬಂತೆ. ಸಿಂಬೆ ಸರಿಮಾಡಿಕೊಂಡು ಎದ್ದು ನಿಂತಳು. "ಬಂದೀ, ಪಾಡ ಆತು. ಈಟ ಹೊರಿ ಎತ್ತಿ ಹೊರಸು," ಅಂದಳು.

ಹೊರೆ ಎತ್ತಿ ಆಕೆಯ ತಲೆಯ ಮೇಲಿಟ್ಟೆ. ಆಕೆ ರಸ್ತೆಯನ್ನೇ ಹಿಡಿದು ಹೋದಳು.